ಲಾಂಛನದ ತೆನೆ

ಕೃಷಿ ಅಥವಾ ಆಹಾರ ವಿಜ್ಞಾನ ಕಲಿಸುವ ಕಾಲೇಜುಗಳ ಲಾಂಛನಗಳನ್ನು ನೀವು ನೋಡಿರುತ್ತೀರಿ. ಎಷ್ಟೋ ಲಾಂಛನಗಳಲ್ಲಿ ಒಂದು ತೆನೆ ಇರುತ್ತದೆ. ತೆನೆ ಎಂದರೆ ಸಮೃದ್ಧಿ ಎಂದು ಹೇಳಿ ಮುಗಿಸಿಬಿಡುತ್ತೇವೆ. ಈ ಬಗೆಯ ಲಾಂಛನಗಳಲ್ಲಿ ಜಗತ್ತೇ ಬಲ್ಲ ಒಂದನ್ನು, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯದನ್ನು, ಇಂದು ಸ್ವಲ್ಪ ನಿಧಾನವಾಗಿ ನೋಡೋಣ.

ವೃತ್ತದೊಳಗೆ ಒಂದು ಗೋಧಿ ತೆನೆ, ಸಂಸ್ಥೆಯ ಇಂಗ್ಲಿಷ್ ಹೆಸರಿನ ಮೂರು ಮೊದಲಕ್ಷರಗಳು, ಜೊತೆಗೆ 'ಫಿಯಾಟ್ ಪಾನಿಸ್' ಎಂಬ ಎರಡು ಲ್ಯಾಟಿನ್ ಪದಗಳು. 'ರೊಟ್ಟಿಯಾಗಲಿ' ಎಂದು ಅರ್ಥ. ಬೈಬಲಿನ ಸೃಷ್ಟಿಕಥೆಯಲ್ಲಿ ದೇವರು 'ಬೆಳಕಾಗಲಿ' ಎನ್ನುವುದರ ಲ್ಯಾಟಿನ್ ರೂಪ 'ಫಿಯಾಟ್ ಲುಕ್ಸ್'. ಇದು ಅದೇ ಅಚ್ಚಿನ ಮಾತು. ಗಮನಿಸಿ, ಚಿತ್ರದಲ್ಲಿರುವುದು ತೆನೆ, ಮಾತಿನಲ್ಲಿರುವುದು ರೊಟ್ಟಿ. ಹೊಲದ ತೆನೆ ತಾನಾಗಿಯೇ ತಟ್ಟೆಯ ರೊಟ್ಟಿಯಾಗುವುದಿಲ್ಲ.

ಈ ಎರಡರ ನಡುವಿನ ದೂರ ಎಷ್ಟೆಂಬುದನ್ನು ಆ ಸಂಸ್ಥೆ ಹುಟ್ಟಿದ ಕಾಲವೇ ಹೇಳುತ್ತದೆ. 1943ರ ಮೇ ತಿಂಗಳಲ್ಲಿ ಅಮೆರಿಕದ ಹಾಟ್ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ 44 ರಾಷ್ಟ್ರಗಳ ಪ್ರತಿನಿಧಿಗಳು ಸೇರಿ, ಇಂಥದೊಂದು ಸಂಸ್ಥೆ ಬೇಕೆಂದು ತೀರ್ಮಾನಿಸಿದರು. ಅದೇ ವರ್ಷ ಬಂಗಾಳದಲ್ಲಿ ಭೀಕರ ಕ್ಷಾಮ. ಸತ್ತವರು ಸುಮಾರು 30 ಲಕ್ಷ ಎಂಬ ಅಂದಾಜಿದೆ. ಬರ್ಮಾ ಜಪಾನೀಯರ ವಶವಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತ್ತು. ಯುದ್ಧದ ದೆಸೆಯಿಂದ ಬೆಲೆ ಗಗನಕ್ಕೇರಿತ್ತು. ಅಕ್ಕಿ ಇಲ್ಲವೇ ಇಲ್ಲ ಎಂದಾಗಿರಲಿಲ್ಲ, ಅದನ್ನು ಕೊಳ್ಳುವ ಶಕ್ತಿ ಕೂಲಿಕಾರರಿಗೆ ಇರಲಿಲ್ಲ ಎಂದು ಅಮರ್ತ್ಯ ಸೇನ್ 1981ರ ತಮ್ಮ ಗ್ರಂಥದಲ್ಲಿ ವಾದಿಸಿದರು. ತೆನೆ ಇತ್ತು, ರೊಟ್ಟಿಯಾಗಲಿಲ್ಲ!

ಸಂಸ್ಥೆ ಸ್ಥಾಪನೆಯಾದದ್ದು 1945ರ ಅಕ್ಟೋಬರ್ 16ರಂದು, ಕೆನಡಾದ ಕ್ವಿಬೆಕ್ ನಗರದಲ್ಲಿ. 1956ರಿಂದ 1967ರವರೆಗೆ ಅದರ ಮಹಾನಿರ್ದೇಶಕರಾಗಿದ್ದವರು ಭಾರತದ ಬಿ. ಆರ್. ಸೇನ್. ಬಂಗಾಳದ ಆ ದಿನಗಳಲ್ಲಿ ಪರಿಹಾರ ಕಾರ್ಯದ ಹೊಣೆ ಹೊತ್ತಿದ್ದ ಅಧಿಕಾರಿ ಅವರು. 1960ರಲ್ಲಿ ಅವರು ಹಸಿವಿನ ವಿರುದ್ಧ ಜಾಗತಿಕ ಆಂದೋಲನವೊಂದನ್ನು ಆರಂಭಿಸಿದರು. ಅದರ ನೆರವಿನಿಂದಲೇ ಆ ದಶಕದಲ್ಲಿ ನಮ್ಮ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಅಂತರರಾಷ್ಟ್ರೀಯ ತರಬೇತಿ ಕೇಂದ್ರ ತೆರೆಯಿತು. ಕಾಳು ಕೆಡದಂತೆ ಕಾಪಾಡುವುದು, ಹಸನು ಮಾಡುವುದು, ಬೀಸುವುದು ಎಲ್ಲವೂ ತೆನೆಗೂ ರೊಟ್ಟಿಗೂ ನಡುವಿನ ಕೆಲಸಗಳೇ ತಾನೆ?

ಆದರೆ ಗೋಧಿಯೇ ಏಕೆ? ಮುದ್ದೆ ಉಣ್ಣುವ ನಾಡಿನವರಿಗೆ ಈ ಪ್ರಶ್ನೆ ಏಳುವುದು ಸಹಜ. ಲ್ಯಾಟಿನ್ ನುಡಿಯ ರೋಮನ್ನರಿಗೆ ರೊಟ್ಟಿ ಎಂದರೆ ಮುಖ್ಯವಾಗಿ ಗೋಧಿಯದೇ. ಭಾರತದ ಸಲಹೆಯಂತೆ 2023 ಸಿರಿಧಾನ್ಯಗಳ ಅಂತರರಾಷ್ಟ್ರೀಯ ವರ್ಷವಾಯಿತು. ಲಾಂಛನದ ತೆನೆ ಮಾತ್ರ ಬದಲಾಗಲಿಲ್ಲ.

ಮಾತು ಬದಲಾದದ್ದು ನಮ್ಮ ನಾಣ್ಯದ ಮೇಲೆ. ಈ ಸಂಸ್ಥೆಯ ಆಶಯವನ್ನು ಸಾರಲು 1970ರಲ್ಲಿ ಹೊರತಂದ 20 ಪೈಸೆ ನಾಣ್ಯದಲ್ಲಿ 'ಸಬ್ ಕೇ ಲಿಯೇ ಅನ್ನ' ಎಂದು ಬರೆಯಲಾಯಿತು. ಕನ್ನಡದಲ್ಲಿ ಅನ್ನವೆಂದರೆ ಬೆಂದ ಅಕ್ಕಿ. ಸಂಸ್ಕೃತದಲ್ಲಿ ತಿನ್ನುವಂಥದ್ದೆಲ್ಲ ಅನ್ನವೇ. ಅದರಲ್ಲಿ ಗೋಧಿಯೂ ಬಂತು, ರಾಗಿಯೂ ಬಂತು. ಅಷ್ಟು ಸಣ್ಣ ಬೆಲೆಯ ನಾಣ್ಯಗಳ ಚಲಾವಣೆ 2011ರಲ್ಲಿ ನಿಂತುಹೋಯಿತು. ಅಜ್ಜಿಯ ಹಳೆಯ ಡಬ್ಬಿಯಲ್ಲಿ ಒಂದೆರಡು ಉಳಿದಿದ್ದರೂ ಉಳಿದಿರಬಹುದು, ಹುಡುಕಿ ನೋಡಿ.