ಹುಂಜದ ಜುಟ್ಟು, ಹೋರಿಯ ಬೀಜ

ತಿಪಟೂರು ಕಡೆಯ ಒಂದು ಹಳ್ಳಿ. ಹಳ್ಳಿಕಾರ್ ಹೋರಿಯೊಂದಕ್ಕೆ ಬೀಜ ಒಡೆದು ಮುಗಿಸಿ ಬರ್ಡಿಜೋ ಇಕ್ಕಳ ತೊಳೆಯುತ್ತಿದ್ದೆ. ಹೋರಿಯ ಯಜಮಾನನಿಗೆ ಐವತ್ತೈದರ ಆಸುಪಾಸು. ಆಳು ಅತ್ತ ಹೋಗುವುದನ್ನೇ ಕಾದಿದ್ದು, ದನಿ ತಗ್ಗಿಸಿ ಕೇಳಿದ: "ಡಾಕ್ಟ್ರೇ, ಇದಕ್ಕೆ ಕಳೆದಿದ್ದನ್ನ ಮನುಷ್ಯನಿಗೆ ತುಂಬೋ ಸೂಜಿ ಏನಾದ್ರೂ ಐತಾ?"

ನಗು ಬಂತು, ತಡೆದುಕೊಂಡೆ. ಅವನು ಕೇಳಿದ್ದನ್ನೇ ವೈದ್ಯರು ಶತಮಾನಗಳಿಂದ ಕೇಳಿಕೊಂಡಿದ್ದಾರೆ. ಉತ್ತರ ಹುಡುಕಿಕೊಂಡು ಬಂದದ್ದೂ ಕೊಟ್ಟಿಗೆಗೇ. ಸುಶ್ರುತ ಸಂಹಿತೆಯಲ್ಲಿ ಕಾಮಶಕ್ತಿ ಹೆಚ್ಚಿಸುವ ವಾಜೀಕರಣದ ಭಾಗದಲ್ಲಿ ಹೋತದ ವೃಷಣ ಹಾಕಿ ಕಾಯಿಸಿದ ಹಾಲಿನಲ್ಲಿ ಎಳ್ಳನ್ನು ಮತ್ತೆ ಮತ್ತೆ ನೆನೆಸಿ ತಿನ್ನುವ ವಿಧಾನವಿದೆ. ವಾಜಿ ಎಂದರೆ ಕುದುರೆ. ಈ ಕುದುರೆ ಮುಂದೆ ಇನ್ನೊಂದು ಕಡೆ ಬರುತ್ತದೆ.

ಲೆಕ್ಕಕ್ಕೆ ಸಿಗುವ ಮೊದಲ ಪ್ರಯೋಗ ನಡೆದದ್ದು 1849ರಲ್ಲಿ, ಜರ್ಮನಿಯ ಗಾಟಿಂಗನ್‌ನಲ್ಲಿ. ಅರ್ನಾಲ್ಡ್ ಬರ್ಥೋಲ್ಡ್ ಆರು ಎಳೆ ಹುಂಜಗಳನ್ನು ಹಿಡಿದ. ಎರಡರ ವೃಷಣ ಪೂರ್ತಿ ತೆಗೆದ. ಅವು ಜುಟ್ಟು ಬಾಡಿ, ಕೂಗದೆ, ಕೋಳಿಗಳ ಗೊಡವೆಗೂ ಹೋಗದೆ ಬೆಳೆದವು. ಉಳಿದವುಗಳಿಗೆ ಅವುಗಳದೇ ವೃಷಣವನ್ನೋ ಜೊತೆಯ ಹುಂಜದ್ದನ್ನೋ ಹೊಟ್ಟೆಯೊಳಗೆ ಕೂರಿಸಿದ. ಆ ಹುಂಜಗಳು ಕೂಗಿದವು, ಕಾದಾಡಿದವು, ಜುಟ್ಟು ಕೆಂಪಗೆ ನಿಂತಿತು. ಕೊಯ್ದು ನೋಡಿದರೆ ನರದ ಸಂಬಂಧವಿಲ್ಲ, ರಕ್ತನಾಳ ಮಾತ್ರ ಬೆಳೆದಿವೆ. ಅಂದರೆ ಗಂಡುತನ ರಕ್ತದಲ್ಲಿ ಹರಿದು ಬರುತ್ತದೆ. ನಾಲ್ಕು ಪುಟದ ಆ ಲೇಖನವನ್ನು ಆಗ ಹೆಚ್ಚು ಜನ ಗಮನಿಸಲಿಲ್ಲ.

ನನಗೆ ತುಂಬ ಇಷ್ಟವಾಗುವವನು ಬ್ರೌನ್-ಸೆಕಾರ್. ಮಾರಿಷಸ್‌ನಲ್ಲಿ ಹುಟ್ಟಿದವನು, ಬೆನ್ನುಹುರಿಯ ಬಗ್ಗೆ ದೊಡ್ಡ ಕೆಲಸ ಮಾಡಿ ಹೆಸರಾದವನು. 1889ರ ಜೂನ್ 1ರಂದು, 72ನೇ ವಯಸ್ಸಿನಲ್ಲಿ, ಪ್ಯಾರಿಸ್‌ನ ವಿದ್ವಾಂಸರ ಸಭೆಯಲ್ಲಿ ಎದ್ದು ನಿಂತು, ನಾಯಿ ಮತ್ತು ಗಿನಿಯಿಲಿಗಳ ವೃಷಣ ಅರೆದು, ನೀರಿನಲ್ಲಿ ಸೋಸಿ, ಚರ್ಮದಡಿ ಚುಚ್ಚಿಕೊಂಡಿದ್ದೇನೆ ಎಂದ. ಮೆಟ್ಟಿಲುಗಳನ್ನು ಓಡಿಕೊಂಡೇ ಹತ್ತುತ್ತೇನೆ, ಪ್ರಯೋಗಶಾಲೆಯಲ್ಲಿ ಗಂಟೆಗಟ್ಟಲೆ ನಿಲ್ಲುತ್ತೇನೆ ಎಂದ. ಅಷ್ಟಕ್ಕೇ ಬಿಡಲಿಲ್ಲ. ಮುಂಗೈ ಬಲವನ್ನು ಕಿಲೋ ಲೆಕ್ಕದಲ್ಲಿ ಅಳೆದಿದ್ದ. ಉಚ್ಚೆಯ ಧಾರೆ ಎಷ್ಟು ದೂರ ಬೀಳುತ್ತದೆಂದೂ ಅಳೆದು, ಕಾಲುಭಾಗ ಹೆಚ್ಚಾಗಿದೆ ಎಂದು ವರದಿ ಕೊಟ್ಟ. ಮುದುಕ ಪ್ರೊಫೆಸರೊಬ್ಬ ಅಳತೆಗೋಲು ಹಿಡಿದು ಬಗ್ಗಿ ನೋಡುವ ಚಿತ್ರ ನನ್ನ ತಲೆಯಿಂದ ಹೋಗುವುದಿಲ್ಲ. ಆತ ಮೋಸಗಾರನಲ್ಲ, ರಸವನ್ನು ಕೇಳಿದ ವೈದ್ಯರಿಗೆಲ್ಲ ಪುಕ್ಕಟೆ ಕಳಿಸಿದ. ಆದರೆ ವೃಷಣ ಹಾರ್ಮೋನನ್ನು ಕಣಜದಂತೆ ಕೂಡಿಡುವುದಿಲ್ಲ, ತಯಾರಾದ ಹಾಗೇ ರಕ್ತಕ್ಕೆ ಬಿಡುತ್ತದೆ. ಅದು ನೀರಿನಲ್ಲಿ ಸರಿಯಾಗಿ ಕರಗುವುದೂ ಇಲ್ಲ. 2002ರಲ್ಲಿ ಆಸ್ಟ್ರೇಲಿಯದ ವೈದ್ಯರು ಅದೇ ವಿಧಾನದಲ್ಲಿ ರಸ ಮಾಡಿ ಪರೀಕ್ಷಿಸಿದರು. ಅದರಲ್ಲಿದ್ದ ಹಾರ್ಮೋನು ಕೆಲಸ ಮಾಡುವಷ್ಟಿರಲಿಲ್ಲ. ಅವನನ್ನು ಮೆಟ್ಟಿಲು ಹತ್ತಿಸಿದ್ದು ನಂಬಿಕೆ.

ಆಮೇಲೆ ಬಂದವರಲ್ಲಿ ಮಂಗನ ವೃಷಣ ಕಸಿ ಮಾಡಿದ ವೊರೊನಾಫ್, ಹೋತದ್ದನ್ನು ಹೊಲಿದು ರೇಡಿಯೋದಲ್ಲಿ ಪ್ರಚಾರ ಮಾಡಿದ ಅಮೆರಿಕದ ಬ್ರಿಂಕ್ಲಿ. ಇವರ ಬಗ್ಗೆ ಇಷ್ಟು ಸಾಕು. ಬ್ರಿಂಕ್ಲಿಯ ಲೈಸೆನ್ಸ್ 1930ರಲ್ಲಿ ಹೋಯಿತು.

ನಿಜವಾದ ಕೆಲಸ ನಡೆದದ್ದು ಕಸಾಯಿಖಾನೆಯ ಬಾಗಿಲಲ್ಲಿ. 1927ರಲ್ಲಿ ಚಿಕಾಗೊದ ಫ್ರೆಡ್ ಕಾಕ್ ಮತ್ತವನ ವಿದ್ಯಾರ್ಥಿ ಮೆಗೀ ಸುಮಾರು 18 ಕಿಲೋ ಹೋರಿ ಬೀಜದಿಂದ ತೆಗೆದದ್ದು 20 ಮಿಲಿಗ್ರಾಂ ಸಾರ. ಅದರಲ್ಲಿ ಸತ್ವವಿದೆಯೇ ಎಂದು ತಿಳಿಯಲು ಬೀಜ ತೆಗೆದ ಹುಂಜಕ್ಕೆ ಚುಚ್ಚಿ, ಜುಟ್ಟು ಬೆಳೆಯುತ್ತದೆಯೇ ಎಂದು ಕಾದರು. ಬರ್ಥೋಲ್ಡನ ಜುಟ್ಟು ಅಳತೆಗೋಲಾಗಿ ಮರಳಿ ಬಂದಿತ್ತು. ಜರ್ಮನಿಯ ಬ್ಯುಟೆನಾಂಟ್ ಸುಮಾರು 15,000 ಲೀಟರ್ ಮೂತ್ರ ಬಟ್ಟಿಗಿಟ್ಟು 15 ಮಿಲಿಗ್ರಾಂ ಆಂಡ್ರೋಸ್ಟೆರೋನ್ ಎಂಬ ಗಂಡು ಹಾರ್ಮೋನು ಪಡೆದ. 1935ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಲಾಕರ್ ತಂಡ ಹೋರಿ ಬೀಜದಿಂದಲೇ ಶುದ್ಧ ಹಾರ್ಮೋನು ತೆಗೆದು ಟೆಸ್ಟೋಸ್ಟೆರಾನ್ ಎಂದು ಹೆಸರಿಟ್ಟಿತು. ಅದೇ ವರ್ಷ ಅದನ್ನು ಕೊಲೆಸ್ಟೆರಾಲಿನಿಂದ ತಯಾರಿಸುವ ದಾರಿಯೂ ಸಿಕ್ಕಿತು, ಹೋರಿಗಳು ಪಾರಾದವು.

ಇಷ್ಟೂ ಗಂಡಸರ ಕಥೆ. ಹೆಂಗಸರಿಗೆ ಸಿಕ್ಕಿದ್ದು ಕುದುರೆ, ಅದೂ ಹೆಣ್ಣು ಕುದುರೆ. ಗಬ್ಬದ ಕುದುರೆಯ ಮೂತ್ರದಿಂದ ತೆಗೆದ ಈಸ್ಟ್ರೋಜನ್ ಹಾರ್ಮೋನಿನ ಪ್ರೆಮರಿನ್ ಗುಳಿಗೆ 1942ರಲ್ಲಿ ಅಮೆರಿಕದ ಪೇಟೆಗೆ ಬಂತು. ಮುಟ್ಟು ನಿಂತವರ ಮೈಬಿಸಿಗೆ, ಒಣಗಿ ನೋಯುವ ಕಷ್ಟಕ್ಕೆ ಅದು ಆಯಿತು. 2002ರಲ್ಲಿ ಈಸ್ಟ್ರೋಜನ್ ಜೊತೆ ಪ್ರೊಜೆಸ್ಟಿನ್ ಸೇರಿಸಿ ಕೊಟ್ಟ ದೊಡ್ಡ ಅಧ್ಯಯನವೊಂದು ಸ್ತನ ಕ್ಯಾನ್ಸರಿನ ಭಯದಿಂದ ನಡುವೆಯೇ ನಿಂತಿತು. ಮುಟ್ಟು ನಿಂತ ಮೇಲೆ ಆಸೆ ಬತ್ತಿ ಅದರಿಂದ ಸಂಕಟಪಡುವ ಹೆಂಗಸಿಗೆ ಅಳತೆಯಲ್ಲಿ ಟೆಸ್ಟೋಸ್ಟೆರಾನ್ ಕೊಡಬಹುದು ಎಂದು ಹಲವು ದೇಶಗಳ ತಜ್ಞರು ಕೂಡಿ ಹೇಳುವಾಗ 2019 ಆಗಿತ್ತು.

ಯಜಮಾನನಿಗೆ ಇಷ್ಟೆಲ್ಲ ಹೇಳಲಿಲ್ಲ. "ಸೂಜಿ ಐತೆ. ನಿಜವಾಗ್ಲೂ ಕಮ್ಮಿ ಇದ್ರೆ ಮಾತ್ರ ಅದು ಕೆಲಸಕ್ಕೆ ಬರೋದು. ಮೊದ್ಲು ಸಕ್ಕರೆ ನೋಡಿಸು. ಬೆಳಿಗ್ಗೆ ಹೊತ್ತು ಹೋಗಿ ರಕ್ತ ಕೊಡು" ಎಂದೆ. ತಲೆಯಾಡಿಸಿದ. "ಮನೆಯಾಕೆ ಏನಂತಾರೆ?" ಎಂದು ಕೇಳಿದೆ.

"ಅವಳನ್ನ ಅದೆಲ್ಲ ಹೆಂಗ್ ಕೇಳದು ಡಾಕ್ಟ್ರೇ" ಎಂದವನೇ ಹೋರಿಯ ಹಗ್ಗ ಬಿಚ್ಚತೊಡಗಿದ.