ಬಾಯಿಯ ಸುತ್ತಣ ಜೋಮು

ಕೃಷ್ಣರಾಜಪೇಟೆಗೆ ಸಮೀಪದ ಹೊಸಹೊಳಲಿನಲ್ಲಿ ಹದಿಮೂರನೆಯ ಶತಮಾನದ ಲಕ್ಷ್ಮೀನಾರಾಯಣ ದೇವಾಲಯವುಂಟು. ಅದರ ಗೋಡೆಯ ಬುಡದಲ್ಲಿ ಆನೆ, ಕುದುರೆ, ಬಳ್ಳಿ, ಪುರಾಣಕಥೆ, ಮಕರ, ಹಂಸ ಎಂದು ಆರು ಸಾಲು ಶಿಲ್ಪಗಳು. ಆನೆಯ ಸಾಲನ್ನಷ್ಟೇ ನೋಡಿ ಹಿಂದಿರುಗಿದವನಿಗೆ ಮೇಲಿನ ಕಥೆ ತಿಳಿಯದು. ವೈದ್ಯಶಾಸ್ತ್ರದ ಚರಿತ್ರೆಯಲ್ಲಿಯೂ ಹೀಗೆ ಒಂದೇ ಸಾಲನ್ನು ಓದಿ ಮೋಸಹೋದ ಪ್ರಸಂಗವಿದೆ.

ಕ್ಲೋರೋಫಾರಂ ಕೊಟ್ಟಾಗ ಕೆಲವರು ಏಕೆ ಸಾಯುತ್ತಾರೆಂದು ವಿಚಾರಿಸಲು 1888 ಮತ್ತು 1889ರಲ್ಲಿ ಹೈದರಾಬಾದಿನಲ್ಲಿ ಎರಡು ಆಯೋಗಗಳು ಕುಳಿತವು. ಆಗ ರಾಯಚೂರು, ಕಲಬುರಗಿ, ಬೀದರಗಳೂ ನಿಜಾಮನ ರಾಜ್ಯದಲ್ಲಿಯೇ ಇದ್ದವು. ಎಡ್ವರ್ಡ್ ಲಾರಿಯವರ ಮುಂದಾಳುತನದಲ್ಲಿ ಹೊರಬಿದ್ದ ತೀರ್ಮಾನವಿದು: ಮೊದಲು ಕೆಡುವುದು ಉಸಿರಾಟ, ಅದನ್ನು ಕಾಯ್ದರೆ ಸಾಕು, ಹೃದಯಕ್ಕೆ ಭಯವಿಲ್ಲ. ಆದರೆ ಕ್ಲೋರೋಫಾರಂ ಹೃದಯವನ್ನೇ ನೇರವಾಗಿ ನಿಲ್ಲಿಸಬಲ್ಲುದೆಂದು 1911ರಲ್ಲಿ ಲೆವಿಯವರ ಪ್ರಯೋಗಗಳು ತೋರಿಸಿದವು.

ಇಷ್ಟರಲ್ಲಿ ಬೇರೊಂದು ದಾರಿ ತೆರೆದಿತ್ತು. 1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಕೊಕೇನಿನ ಹನಿಯಿಂದ ಕಣ್ಣನ್ನು ಮಾತ್ರ ಮರಗಟ್ಟಿಸಿದರು. 1943ರಲ್ಲಿ ಸ್ವೀಡನ್ನಿನ ಲೋಫ್‌ಗ್ರೆನ್ ಲಿಡೋಕೇನನ್ನು ತಯಾರಿಸಿದರು. ಇಂದು ಹಲ್ಲು ಕೀಳುವಾಗ ಚುಚ್ಚುವ ಮದ್ದು ಬಹುಮಟ್ಟಿಗೆ ಇದೇ. ರೋಗಿ ಎಚ್ಚರವಾಗಿರುತ್ತಾನೆ, ಮಾತನಾಡಬಲ್ಲ. ಅದೇ ಇಲ್ಲಿನ ದೊಡ್ಡ ಲಾಭ.

ಮದ್ದು ಅಳತೆ ಮೀರಿದರೆ, ಇಲ್ಲವೆ ತಪ್ಪಿ ರಕ್ತನಾಳದೊಳಕ್ಕೆ ಹೋದರೆ, ಅದು ವಿಷವಾಗುತ್ತದೆ. ತುಟಿ ನಾಲಗೆಗಳ ಸುತ್ತ ಜೋಮು, ಬಾಯಲ್ಲಿ ಲೋಹದ ರುಚಿ, ಕಿವಿಯಲ್ಲಿ ಮೊರೆತ, ತಲೆಸುತ್ತು, ಮಂಜಾದ ದೃಷ್ಟಿ, ಕಾರಣವಿಲ್ಲದ ತಳಮಳ: ಇವು ಮೊದಲ ಸೂಚನೆಗಳು. ಮುಂದೆ ಮಾತು ತೊದಲುತ್ತದೆ, ಸ್ನಾಯುಗಳು ಅದುರುತ್ತವೆ, ಸೆಳವು ಬರುತ್ತದೆ. ಕೊನೆಗೆ ಹೃದಯದ ಲಯ ಕೆಡುತ್ತದೆ. ಹಲ್ಲಿಗೆ ಚುಚ್ಚಿದಾಗ ಅದೇ ಕಡೆಯ ತುಟಿ ಮರಗಟ್ಟುವುದು ಸಹಜ, ಉಳಿದವು ಸಹಜವಲ್ಲ.

ಈ ಸಾಲುಗಳೂ ಯಾವಾಗಲೂ ಕ್ರಮವಾಗಿ ಬರುವುದಿಲ್ಲ. ಬುಪಿವಕೇನ್ ಎಂಬ ಮದ್ದಿನಲ್ಲಿ ಸೆಳವಿನ ಬೆನ್ನಿಗೇ ಹೃದಯ ನಿಲ್ಲಬಹುದೆಂದು 1979ರಲ್ಲಿ ಆಲ್‌ಬ್ರೈಟ್ ಎಚ್ಚರಿಸಿದರು. ರಕ್ತಕ್ಕೆ ಕೊಬ್ಬಿನ ದ್ರಾವಣ ಹರಿಸಿದರೆ ಈ ವಿಷ ಇಳಿಯುತ್ತದೆಂದು 1998ರಲ್ಲಿ ವೈನ್‌ಬರ್ಗ್ ಇಲಿಗಳಲ್ಲಿ ಕಂಡರು. ಈಗ ಅದು ಮನುಷ್ಯರಿಗೂ ಅಂಗೀಕೃತ ಚಿಕಿತ್ಸೆ.

ಆದರೆ ಚಿಕಿತ್ಸೆ ಸಕಾಲಕ್ಕೆ ಒದಗಬೇಕಾದರೆ ಯಾರಾದರೂ ಮೊದಲು ಹೇಳಬೇಕಲ್ಲವೆ? ನಮ್ಮಲ್ಲಿ ರೋಗಿ ಸಂಕೋಚದಿಂದ ಸುಮ್ಮನಿರುತ್ತಾನೆ. ನೋಡಿದವರು ಸೂಜಿಯ ಅಂಜಿಕೆ ಎಂದು ನಗುತ್ತಾರೆ. ಕ್ಲೋರೋಫಾರಮ್ಮಿನ ಕಾಲದ ರೋಗಿಗೆ ಬಾಯಿ ಇರಲಿಲ್ಲ. ನಮಗಿದೆ. ಕಿವಿ ಮೊರೆದರೆ ಒಡನೆ ಹೇಳೋಣ. ಹೇಳಿದವನ ಮಾತನ್ನು ನಂಬೋಣ.