ಐದು ಗಿನ್ನಿಯ ಪೆಟ್ಟಿಗೆಯಿಂದ ಕೆಂಪು ಚೆಂಡಿನವರೆಗೆ: ಫಿಜಿಯ ಟೆನಿಸ್ ಕಥೆ

1874ರಲ್ಲಿ ಎರಡು ಘಟನೆಗಳು ನಡೆದವು. ಫೆಬ್ರವರಿಯಲ್ಲಿ ಇಂಗ್ಲೆಂಡಿನ ಮೇಜರ್ ವಾಲ್ಟರ್ ವಿಂಗ್‌ಫೀಲ್ಡ್ ಎಂಬ ಸೇನಾಧಿಕಾರಿ ಹುಲ್ಲಿನ ಮೇಲೆ ಆಡುವ ಹೊಸ ಆಟವೊಂದಕ್ಕೆ ಪೇಟೆಂಟ್ ಪಡೆದ. ಅಕ್ಟೋಬರ್ 10ರಂದು ಪೆಸಿಫಿಕ್ ಸಾಗರದ ಫಿಜಿ ದ್ವೀಪಗಳು ಬ್ರಿಟಿಷ್ ವಸಾಹತಾದವು. ಒಂದಕ್ಕೊಂದು ಸಂಬಂಧವಿರಲಿಲ್ಲ. ಆದರೆ ಟೆನಿಸ್ ಅಲ್ಲಿನ ಸಾಮಾನ್ಯ ಮನೆಯ ಮಕ್ಕಳ ಕೈಗೆ ಸಿಗಲು ಯಾಕೆ ಅಷ್ಟು ಕಾಲ ಬೇಕಾಯಿತು ಎಂದು ಹುಡುಕಹೊರಟರೆ ಎರಡನ್ನೂ ಜತೆಗಿಟ್ಟೇ ನೋಡಬೇಕು.

ವಿಂಗ್‌ಫೀಲ್ಡ್ ತನ್ನ ಆಟವನ್ನು ಪೆಟ್ಟಿಗೆಯಲ್ಲಿ ಮಾರಿದ. ಬಲೆ, ರ‍್ಯಾಕೆಟ್, ಚೆಂಡು ಎಲ್ಲ ಸೇರಿ ಬೆಲೆ ಐದು ಗಿನ್ನಿ, ಅಂದರೆ 105 ಶಿಲಿಂಗ್. 1879ರಿಂದ 1916ರವರೆಗೆ ಕಲ್ಕತ್ತಾ ಮತ್ತು ಮದ್ರಾಸ್ ಬಂದರುಗಳಿಂದ 60 ಸಾವಿರಕ್ಕೂ ಹೆಚ್ಚು ಭಾರತೀಯರು ಫಿಜಿಯ ಕಬ್ಬಿನ ಗದ್ದೆಗಳಿಗೆ ಹೋದರು. ಐದು ವರ್ಷದ ಕರಾರು. 'ಅಗ್ರಿಮೆಂಟ್' ಎಂಬ ಪದವೇ ಅವರ ಬಾಯಲ್ಲಿ 'ಗಿರ್ಮಿಟ್' ಆಯಿತು. ಹೇಳಿದಷ್ಟು ಕೆಲಸ ಮುಗಿಸಿದ ಗಂಡಾಳಿಗೆ ದಿನಕ್ಕೆ ಒಂದು ಶಿಲಿಂಗ್, ಹೆಣ್ಣಾಳಿಗೆ ಒಂಬತ್ತು ಪೆನ್ಸ್. ಲೆಕ್ಕ ಹಾಕಿ ನೋಡಿ: ಒಂದು ಟೆನಿಸ್ ಪೆಟ್ಟಿಗೆಗೆ ಗಂಡಾಳಿನ 105 ದಿನದ ಕೂಲಿ.

ಬೇರೆ ವಸಾಹತುಗಳಂತೆ ಇಲ್ಲೂ ಟೆನಿಸ್ ಬಂದದ್ದು ಅಧಿಕಾರಿಗಳ, ಕಂಪನಿಯ ಬಿಳಿಯರ ಸಾಮಾನಿನ ಜತೆಗೆ. ನಮ್ಮ ಹಳೆಯ ಜಿಲ್ಲಾ ಕೇಂದ್ರಗಳ ಕ್ಲಬ್ಬುಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1963ರಲ್ಲಿ ಫಿಜಿಯ ರಾಜಧಾನಿ ಸುವಾದಲ್ಲಿ ಮೊದಲ ದಕ್ಷಿಣ ಪೆಸಿಫಿಕ್ ಕ್ರೀಡಾಕೂಟ ನಡೆಯಿತು. ಟೆನಿಸ್ ಕೂಡ ಅದರಲ್ಲಿತ್ತು. 1970ರಲ್ಲಿ ಸ್ವಾತಂತ್ರ್ಯ ಬಂತು. ಆದರೆ ಫಿಜಿಯ ಊರೂರಲ್ಲಿ ಬೇರು ಬಿಟ್ಟ ಆಟ ರಗ್ಬಿ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ದೇಶಕ್ಕೆ ಮೊದಲ ಪದಕ, ಅದೂ ಚಿನ್ನ, ಸೆವೆನ್ಸ್ ರಗ್ಬಿಯಿಂದಲೇ ಬಂತು. ಒಂದು ಚೆಂಡು ಇದ್ದರೆ ಇಡೀ ಊರು ಆಡಬಹುದು. ಟೆನಿಸ್‌ಗೆ ಸಮತಟ್ಟಾದ ಗಟ್ಟಿ ನೆಲ ಬೇಕು, ಒಬ್ಬೊಬ್ಬರಿಗೂ ರ‍್ಯಾಕೆಟ್ ಬೇಕು. ಡಬ್ಬಿ ತೆರೆದ ಮೇಲೆ ಚೆಂಡಿನೊಳಗಿನ ಗಾಳಿ ದಿನೇ ದಿನೇ ಸೋರಿ ಪುಟಿತ ಕಡಿಮೆಯಾಗುತ್ತದೆ. 300ಕ್ಕೂ ಹೆಚ್ಚು ದ್ವೀಪಗಳ ದೇಶದಲ್ಲಿ ಹೊಸ ಚೆಂಡು ದೋಣಿ ಹತ್ತಿ ಬರಬೇಕು.

ಸಣ್ಣ ದೇಶಗಳು ಇದಕ್ಕೆ ಕಂಡುಕೊಂಡ ಒಂದು ದಾರಿ, ಕೂಡಿ ಆಡುವುದು. 1995ರಿಂದ ಪೆಸಿಫಿಕ್ ದ್ವೀಪಗಳು 'ಪೆಸಿಫಿಕ್ ಓಷಿಯಾನಿಯಾ' ಹೆಸರಿನ ಒಂದೇ ತಂಡವಾಗಿ ಡೇವಿಸ್ ಕಪ್‌ಗೆ ಇಳಿದವು. ಸಾಲೊಮನ್ ದ್ವೀಪಗಳ ಮೈಕೆಲ್ ಲಿಯಾಂಗ್ ಈ ತಂಡಕ್ಕೆ ಆಡಿದರು. ಮಹಿಳೆಯರ ತಂಡದಲ್ಲಿ ಪಪುವಾ ನ್ಯೂಗಿನಿಯ ಅಬಿಗೇಲ್ ತೆರೆ-ಅಪಿಸಾ ಆಡಿದರು. ಎಳೆಯರಿಗಾಗಿ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ನಿನ ಪ್ರಾದೇಶಿಕ ತರಬೇತಿ ಕೇಂದ್ರ ಫಿಜಿಯ ಲೌಟೊಕಾದಲ್ಲಿ ಶುರುವಾಯಿತು. 1903ರಿಂದ ಸಕ್ಕರೆ ಕಾರ್ಖಾನೆ ನಡೆಸುತ್ತಿರುವ, 'ಸಕ್ಕರೆ ನಗರಿ' ಎಂದೇ ಹೆಸರಾದ ಊರು ಅದು. ಗಿರ್ಮಿಟ್ ಕಬ್ಬು ಅರೆದ ಊರಿನಲ್ಲೇ ಬೇರೆ ಬೇರೆ ದ್ವೀಪಗಳ ಮಕ್ಕಳು ಟೆನಿಸ್ ಕಲಿಯತೊಡಗಿದರು.

ಆದರೆ ಕೇಂದ್ರ ಎಂದರೆ ಆಯ್ಕೆ. ಚೆನ್ನಾಗಿ ಆಡುವ ಕೆಲವರು ಮನೆ ಬಿಟ್ಟು ಹೋಗಬೇಕು, ಉಳಿದವರು ಊರಲ್ಲೇ ಉಳಿಯುತ್ತಾರೆ. ಅವರ ಪಾಲಿಗೆ ಬದಲಾವಣೆ ತಂದದ್ದು ಚೆಂಡು. 2012ರ ಜನವರಿಯಿಂದ ಹತ್ತು ವರ್ಷ ಮತ್ತು ಅದಕ್ಕಿಂತ ಚಿಕ್ಕವರ ಸ್ಪರ್ಧೆಗಳಲ್ಲಿ ಮಾಮೂಲಿ ಹಳದಿ ಚೆಂಡು ಬಳಸಬಾರದೆಂದು ಅಂತರರಾಷ್ಟ್ರೀಯ ನಿಯಮವೇ ಬಂತು. ಕೆಂಪು ಚೆಂಡು ಅದಕ್ಕಿಂತ ಸುಮಾರು 75% ನಿಧಾನ, ಕಿತ್ತಳೆ 50%, ಹಸಿರು 25%. ಹಳದಿ ಚೆಂಡು ಪುಟಿದು ಎಂಟು ವರ್ಷದ ಮಗುವಿನ ತಲೆ ಮೇಲೆ ಹೋಗುತ್ತಿತ್ತು. ಕೆಂಪು ಚೆಂಡು ಸೊಂಟದ ಮಟ್ಟಕ್ಕೆ ಬರುತ್ತದೆ. ಅಂಕಣವೂ 23.77 ಮೀಟರ್‌ನಿಂದ ಸುಮಾರು 11 ಮೀಟರ್‌ಗೆ ಇಳಿಯಿತು. ಒಂದು ದೊಡ್ಡ ಅಂಕಣದ ಜಾಗದಲ್ಲಿ ನಾಲ್ಕು ಸಣ್ಣವು ಹಿಡಿಸುತ್ತವೆ. ಶಾಲೆಯಂಗಳದಲ್ಲಿ ಸೀಮೆಸುಣ್ಣದ ಗೆರೆ ಎಳೆದು ಅಡ್ಡಕ್ಕೊಂದು ಹಗ್ಗ ಕಟ್ಟಿದರೂ ಆಟ ಶುರು.

ಇದರಿಂದ ಎಲ್ಲ ಸರಿಹೋಯಿತು ಎನ್ನಲಾಗದು. ಹದಿನೆಂಟು ದಾಟಿದ ಆಟಗಾರರಿಗೆ ವಿಮಾನದ ಖರ್ಚು ಇಂದಿಗೂ ದೊಡ್ಡ ಗೋಡೆ. ಆದರೂ 105 ದಿನದ ಕೂಲಿಯ ಪೆಟ್ಟಿಗೆಯಿಂದ ಶಾಲೆಯಂಗಳದ ಹಗ್ಗದವರೆಗಿನ ದಾರಿ ಸಣ್ಣದಲ್ಲ.

ಪತ್ರಿಕೋದ್ಯಮ ಕಲಿತ ನಾವು ಕ್ರೀಡೆ ಎಂದರೆ ಗೆದ್ದವರ ಹೆಸರು, ಅಂಕ ಎಂದುಕೊಂಡಿದ್ದೆವು. ಚೆಂಡಿಗೆಷ್ಟು, ಅಂಗಳ ಯಾರದು, ಬೀಗದ ಕೈ ಯಾರ ಬಳಿ ಇದೆ ಎಂದು ಕೇಳುವುದನ್ನು ಫಿಜಿಯ ಈ ಕಥೆ ನಮಗೆ ಕಲಿಸಿತು. ಮುಂದಿನ ಬಾರಿ ಯಾವುದೇ ಊರಿನ ಆಟದ ಬಗ್ಗೆ ಬರೆಯುವಾಗ ನಾವು ಮೊದಲು ಕೇಳುವುದು ಇದನ್ನೇ.